ಅಂಡಮಾನಿನಲ್ಲಿರುವ ಮಾಮ

ತಮ್ಮಾ ಶಶಿ,

ನಾವೆಲ್ಲ ಇಲ್ಲಿ ಕ್ಷೇಮ ಎಂದು ಬರೆದೆ. ಮುಂದಿನ ಸಾಲಿಗೆ ಬಂದಾಗ ನಿನ್ನ ಕ್ಷೇಮ ವಿಚಾರಿಸುವುದೋ ಬಿಡುವುದೋ ತಿಳಿಯಲಿಲ್ಲ. ನೀನು ಹೋಗಿ ಎರಡು ವರ್ಷವಾಗುತ್ತಾ ಬಂತು, ನಿನ್ನ ವಿಷಯ ಮಾತಾಡುವುದು ಹೇಗೆಂದು ನನಗೆ ಇನ್ನೂ ಗೊತ್ತಾಗುವುದಿಲ್ಲ. “ಶಶಿಗೆ ಬದನೆಕಾಯಿ ಸೇರಲ್ಲ” ಎಂದುಬಿಡುತ್ತೇನೆ, ನಿನ್ನ ಭಾವ ತಟ್ಟೆ ನೋಡಿಕೊಂಡು ಕೂತುಬಿಡುತ್ತಾರೆ. ಸೇರುತ್ತಿರಲಿಲ್ಲ ಅನ್ನಬೇಕಾ? ಸತ್ತ ಮೇಲೆ ಬದನೆಕಾಯಿ ಸೇರುತ್ತದೇನೋ? ಇರಲಿ. ಇವತ್ತು ನಿನಗೆ ಹೇಳಲೇಬೇಕಾದ ವಿಷಯ ಒಂದಿದೆ. ಗುಂಡನ ಹುಟ್ಟುಗೂದಲು ತೆಗೆಸಿದೆವು. ಯಾರ ತೊಡೆಯ ಮೇಲೆ ಕೂರಿಸಿ ತೆಗೆಸಿದೆವು ಎಂದು ಈಗಲೇ ಹೇಳಿದರೆ ನೀನು ಎದ್ದು ಬಂದು ಜಗಳಕ್ಕೆ ನಿಲ್ಲುತ್ತೀಯ, ಅದಕ್ಕೇ ಮೊದಲಿನಿಂದ ಹೇಳುತ್ತೇನೆ.

ಗುಂಡನಿಗೆ ಕಿವಿ ಚುಚ್ಚಿಸಿದ ದಿನ ನೆನಪಿದೆಯಾ? ಪರೀಕ್ಷೆಗೆ ಓದಲೆಂದು ಮುಖರ್ಜಿ ನಗರದಲ್ಲಿ ಹಿಡಿದಿದ್ದ ನಿನ್ನ ರೂಮಿನಿಂದ ಬೈಕಿನಲ್ಲಿ ರೋಹಿಣಿಗೆ ಬಂದು, ಭಾವನ ಪಂಚೆ ಸುತ್ತಿಕೊಂಡು, ಜಾರೀತೆಂದು ಅದಕ್ಕೆ ಬೆಲ್ಟು ಬಿಗಿದು, ಸೋದರಮಾವನ ಗತ್ತಿನಲ್ಲಿ ಚಕ್ಕಳಮಕ್ಕಳ ಹಾಕಿ ಕೂತಿದ್ದೆ. ನಾನು ಇಷ್ಟಪಟ್ಟು ಇಶಾನ ಎಂದು ಹೆಸರಿಟ್ಟ ಮಗನನ್ನು ಗುಂಡ ಮಾಡಿದವನೂ ನೀನೇ. ಅಕ್ಕಸಾಲಿಗ ತಂತಿ ಚುಚ್ಚಿದ್ದೇ ತಡ, ಗುಂಡ ಕಿರುಚಿಕೊಂಡು ನಿನ್ನ ತೊಡೆಯೆಲ್ಲ ಒದ್ದೆ ಮಾಡಿದ. ನೀನೂ ಕಣ್ಣೀರು ಹಾಕಿದೆ, ಕೇಳಿದರೆ ದೆಹಲಿಯ ಧೂಳು ಎಂದೆ. “ಅಕ್ಕಾ, ಜವಳಕ್ಕೂ ನನ್ನ ತೊಡೆ ಬುಕ್ ಆಗಿದೆ. ಆದ್ರೆ ಅವತ್ತು ಡೈಪರ್ ಹಾಕಿ ಕೂರಿಸು ಮಾರಾಯ್ತಿ” ಎಂದೆ. ಆಮೇಲೆ ಅವನ ತಲೆಯ ಮೇಲಿನ ರೇಷ್ಮೆಯಂಥ ಕೂದಲನ್ನು ಊದಿ ಊದಿ ಎಬ್ಬಿಸಿ ನಗಿಸಿದೆ. ಆ ಮಳೆಗಾಲದಲ್ಲೇ ನಿನಗೆ ಜ್ವರ ಬಂತು. ಬರೀ ಜ್ವರ ಅಂದುಕೊಂಡಿದ್ದೆವು...

ಪಾರ್ಕಿನಲ್ಲಿ ಹೆಂಗಸರು ಗುಂಡನನ್ನು ನೋಡಿ “ಬೇಟೀ ಹೈ?”, ಹೆಣ್ಣುಮಗುವಾ ಎಂದು ಕೇಳುವಷ್ಟು ಕೂದಲು ಬೆಳೆಯಿತು. ಊಟ ಮಾಡಿಸುವಾಗ ಅನ್ನದ ಜೊತೆ ಬಾಯಿಗೆ ಹೋಗುತ್ತಿತ್ತು, ಕ್ಲಿಪ್ ಹಾಕಿದರೆ ಕಿತ್ತು ಬಕೆಟ್ಟಿಗೆ ಎಸೆಯುತ್ತಿದ್ದ. ತುಮಕೂರಿನಿಂದ ಅಮ್ಮನ ಫೋನು ಬಂದಾಗಲೆಲ್ಲ ಅದೇ ಮಾತು, ಮೂರು ತುಂಬುವುದರೊಳಗೆ ತೆಗೆಸು ಎಂದು. ನಿನ್ನ ಭಾವ ತಾವೇ ತೊಡೆಯ ಮೇಲೆ ಕೂರಿಸಿಕೊಳ್ಳುತ್ತೇನೆ ಎಂದರು. ನಾನು ಇವತ್ತು ನೆಗಡಿ, ನಾಳೆ ಚಳಿ ಎಂದು ಮುಂದೂಡುತ್ತಲೇ ಬಂದೆ. ಕಾರಣ ಯಾರಿಗೆ ಹೇಳಲಿ? ಕೂದಲು ಬೆಳೆಯುವುದು ಬುಡದಿಂದ ಅಲ್ಲವಾ? ಹಾಗಾದರೆ ಅವನ ಬೆನ್ನ ಮೇಲೆ ಇಳಿದಿರುವ ತುದಿ ಇದೆಯಲ್ಲ, ಅದು ನೀನು ಊದಿದ ಕೂದಲು. ಬುಡದ್ದೆಲ್ಲ ನೀನು ಹೋದ ಮೇಲೆ ಬಂದದ್ದು. ಸ್ನಾನ ಮಾಡಿಸಿ ಒರೆಸುವಾಗ ಆ ತುದಿಯನ್ನು ಬೆರಳಿಗೆ ಸುತ್ತಿಕೊಂಡು ನಿಂತುಬಿಡುತ್ತಿದ್ದೆ. ಹೇಳಿದರೆ ಇವಳಿಗೆ ತಲೆ ಕೆಟ್ಟಿದೆ ಅನ್ನುತ್ತಾರೆ. ಕೆಟ್ಟೂ ಇರಬಹುದು.

ಗುಂಡನ ಮಾತಿನ ಕಥೆಯನ್ನೂ ಕೇಳು. ನಾನು “ನೀರು ಬೇಕಾ?” ಅಂದರೆ “ಪಾನೀ ದೋ” ಅನ್ನುತ್ತಾನೆ. “ಚಪ್ಪಲಿ ಹಾಕ್ಕೋ ಬಾ” ಅಂದರೆ ಚಪ್ಪಲಿ ಹಾಕಿಕೊಂಡು ಬಂದು “ಚಲೋ” ಅನ್ನುತ್ತಾನೆ. ಕನ್ನಡವೆಲ್ಲ ಕಿವಿಗೆ ಇಳಿಯುತ್ತದೆ, ಬಾಯಿಂದ ಬರುವುದು ಪಾರ್ಕಿನ ಹಿಂದಿ. ನಾಲಗೆಯಲ್ಲಿ ನಿಂತ ಒಂದೇ ಒಂದು ಕನ್ನಡದ ಮಾತು ‘ಮಾಮ’, ಅದೂ ಕನ್ನಡವೋ ಹಿಂದಿಯೋ ದೇವರಿಗೇ ಗೊತ್ತು. ನಮ್ಮ ಕಡೆ ದಾರಿಯಲ್ಲಿ ಕಂಡ ಗಂಡಸರನ್ನೆಲ್ಲ ಮಕ್ಕಳಿಗೆ ಮಾಮ ಎಂದೇ ತೋರಿಸುವುದಲ್ಲವಾ, ಕಂಡಕ್ಟರ್ ಮಾಮ, ಪೊಲೀಸ್ ಮಾಮ, ಡಾಕ್ಟರ್ ಮಾಮ ಎಂದು? ಇಲ್ಲಿ ಅಂಕಲ್ ಅನ್ನಬೇಕು, ಇಲ್ಲವೇ ಭಯ್ಯಾ. ಇಲ್ಲಿಯವರಿಗೆ ಮಾಮಾ ಎಂದರೆ ತಾಯಿಯ ಒಡಹುಟ್ಟಿದವನು, ಅಷ್ಟೇ. ಇಷ್ಟು ವರ್ಷ ದೆಹಲಿಯಲ್ಲಿದ್ದೂ ನನಗೆ ಇದು ಹೊಳೆದೇ ಇರಲಿಲ್ಲ ನೋಡು.

ಒಂದು ಸಂಜೆ ಅವನನ್ನು ಸೊಂಟದ ಮೇಲೆ ಕೂರಿಸಿಕೊಂಡು ಮೆಟ್ಟಿಲು ಇಳಿಯುತ್ತಿದ್ದೆ. ಒಂದು ಶೂ ಕಿತ್ತು ಕೆಳಗೆ ಎಸೆದ. ಅದು ಹೋಗಿ ಬಿದ್ದದ್ದು ಯಾರ ಕಾಲ ಬುಡಕ್ಕೆ ಗೊತ್ತಾ? ಕೆಳಗಿನ ಮನೆಯ ಸತ್ಬೀರನ ಕಾಲ ಬುಡಕ್ಕೆ. ಮದುವೆಗಳಿಗೆ ಶಾಮಿಯಾನ ಹಾಕಿಸುವ ಹರಿಯಾಣದ ಆ ಮೀಸೆ. ಬೈಕು ನಿಲ್ಲಿಸುವ ಜಾಗಕ್ಕಾಗಿ ಭಾನುವಾರ ಬಂತೆಂದರೆ ನೀನು ಕಾಲು ಕೆರೆದುಕೊಂಡು ಜಗಳಕ್ಕೆ ಹೋಗುತ್ತಿದ್ದೆಯಲ್ಲ, ಅವನೇ. ಅವನು ಶೂ ಎತ್ತಿ ಕೈಗೆ ಕೊಟ್ಟ. ನಮ್ಮ ಮನೆಯವರಿಗೂ ಅವನಿಗೂ ಮಾತಿಲ್ಲ. ಏನು ಹೇಳಬೇಕೋ ತಿಳಿಯದೆ, “ಗುಂಡಾ, ಮಾಮಂಗೆ ಟಾಟಾ ಮಾಡು” ಅಂದುಬಿಟ್ಟೆ. ಗುಂಡ ಕೈ ಆಡಿಸಿ “ಮಾಮಾ” ಅಂದ. ಆ ಮನುಷ್ಯ ಅಲ್ಲೇ ನಿಂತುಬಿಟ್ಟ. “ಕ್ಯಾ ಬೋಲಾ? ಮಾಮಾ?” ಎಂದು ಮತ್ತೆ ಮತ್ತೆ ಕೇಳಿದ. ತನಗೆ ಅಕ್ಕತಂಗಿಯರಿಲ್ಲ, ಯಾವ ಮಗುವೂ ತನ್ನನ್ನು ಹೀಗೆ ಕರೆದಿಲ್ಲ ಎಂದ. ಆ ಗಡಸು ಮುಖ ಅಷ್ಟು ಮೆತ್ತಗಾದೀತೆಂದು ನಾನು ಎಣಿಸಿರಲಿಲ್ಲ. ಅಯ್ಯೋ, ಅದು ಸುಮ್ಮನೆ ಬಾಯಿಮಾತು ಎಂದು ಯಾವ ಬಾಯಲ್ಲಿ ಹೇಳುವುದು?

ಶೂ ಹಾಕುತ್ತಾ ನಿಂತಿದ್ದಾಗ ಅವನೇ ಕೇಳಿದ, “ಔರ್ ಅಸಲೀ ಮಾಮಾ ಕಹಾಂ ಹೈ? ವೋ ಬೈಕ್‌ವಾಲಾ?” ನಿಜವಾದ ಮಾಮ ಎಲ್ಲಿ, ಕಾಣುವುದೇ ಇಲ್ಲವಲ್ಲ ಎಂದು. ಅವನಿಗೆ ವಿಷಯ ತಿಳಿದೇ ಇರಲಿಲ್ಲ ಶಶಿ. ಆಸ್ಪತ್ರೆಯಿಂದ ನಿನ್ನನ್ನು ನೇರವಾಗಿ ಯಮುನೆಯ ಸ್ಮಶಾನಘಾಟಿಗೆ ಒಯ್ದೆವು, ಮನೆಗೆ ಬೀಗ ಹಾಕಿ ತುಮಕೂರಿಗೆ ಹೊರಟೆವು. ಯಾರು ಹೇಳಬೇಕಿತ್ತು ಅವನಿಗೆ? ಬಾಯಿ ತೆರೆದೆ. “ಪೋಸ್ಟಿಂಗ್ ಹೋ ಗಯೀ” ಎಂದು ಬಂತು. “ಅಚ್ಛಾ, ಪಾಸ್ ಹೋ ಗಯಾ?” ಎಂದು ಅವನು ತನ್ನ ಮಗನೇ ಪಾಸಾದವನಂತೆ ಹಿಗ್ಗಿದ. “ಕಹಾಂ?” “ಅಂಡಮಾನ್.” ಯಾಕೆ ಅಂಡಮಾನ್ ಅಂದೆನೋ ಕಾಣೆ. ವಾರದ ಕೊನೆಗೆ ಬಂದುಹೋಗಲು ಆಗದಷ್ಟು ದೂರವಿರಲಿ ಅನ್ನಿಸಿರಬೇಕು. ವರ್ಷವರ್ಷವೂ ಪರೀಕ್ಷೆಗೆ ಕೂತು ನಿನಗೆ ಸಿಗದ ಕೆಲಸವನ್ನು ಮೆಟ್ಟಿಲ ಮೇಲೆ ನಿಂತು ನಾನು ಕೊಡಿಸಿಬಿಟ್ಟೆ ಕಣೋ.

ಅಲ್ಲಿಂದ ಶುರುವಾಯಿತು. ಸಿಕ್ಕಾಗಲೆಲ್ಲ ಅವನು “ಅಫಸರ್ ಸಾಹಬ್ ಕಬ್ ಆ ರಹೇ ಹೈಂ?”, ಸಾಹೇಬರು ಬರುವುದು ಯಾವಾಗ ಅನ್ನುವುದು, ನಾನು ದೀಪಾವಳಿಗೂ ರಜೆ ಸಿಗಲಿಲ್ಲ ಅನ್ನುವುದು. ಅಲ್ಲಿ ಊಟಕ್ಕೆ ಏನು ಮಾಡುತ್ತಾನೆ ಎಂದು ಕೇಳಿದ, ತೆಂಗಿನಕಾಯಿ ಅಗ್ಗವಂತೆ, ಚಟ್ನಿ ಅರೆದುಕೊಳ್ಳುತ್ತಾನೆ ಎಂದೆ. ನಿನ್ನ ಬೈಕಿನ ಜಾಗದಲ್ಲಿ ಅವನು ಕಾರು ನಿಲ್ಲಿಸುವುದನ್ನೇ ಬಿಟ್ಟ, ಸಾಹೇಬರು ಸರಕಾರಿ ಗಾಡಿಯಲ್ಲಿ ಬಂದರೆ ಜಾಗ ಬೇಕಲ್ಲ ಎಂದು. ಮೇಲೆ ನಮ್ಮ ಮನೆಯಲ್ಲಿ ನಿನ್ನ ವರ್ಷಾಬ್ದಿಕ, ಕೆಳಗೆ ನಿನಗೆ ಬಡ್ತಿ. ಇದಕ್ಕೆ ಸುಳ್ಳು ಅನ್ನಬೇಕೋ ಏನನ್ನಬೇಕೋ ತಿಳಿಯದು. ಕೊತ್ತಂಬರಿ ತರುವ ನೆಪ ಮಾಡಿಕೊಂಡು ಕೆಳಗಿಳಿದು, ಅವನು ನಿನ್ನನ್ನು ವಿಚಾರಿಸಲಿ ಎಂದು ಕಾಯುತ್ತಿದ್ದೆ ಎಂದರೆ ನಂಬುತ್ತೀಯಾ? ನಿನ್ನ ಭಾವನಿಗೆ ಗೊತ್ತಾದಾಗ “ಅಲ್ವೇ, ಅಂಡಮಾನಿಗೆ ಯಾಕೆ ಹಾಕಿಸ್ದೆ, ಮೈಸೂರಿಗೆ ಹಾಕಿಸಬಾರದಿತ್ತಾ?” ಎಂದು ನಕ್ಕರು. ನಕ್ಕು, ಕನ್ನಡಕ ತೆಗೆದು ಒರೆಸಿಕೊಳ್ಳುತ್ತಾ ಒಳಗೆ ಹೋದರು.

ಹೋದ ವಾರ ಅಮ್ಮ ಫೋನಿನಲ್ಲಿ ಸಿಡುಕಿದಳು. “ಅವನಿಲ್ಲ ಅಂತ ಮಗೂನ ತಲೆ ಹಾಗೇ ಬಿಡ್ತೀಯೇನೇ? ಮಾಮ ಅನ್ನಿಸಿಕೊಳ್ಳೋರು ಒಬ್ಬರೂ ಇಲ್ವಾ ಆ ಊರಲ್ಲಿ?” ಸ್ಪೀಕರಿನಲ್ಲಿ ಅಜ್ಜಿಯ ದನಿ ಕೇಳುತ್ತಿದ್ದ ಗುಂಡ, “ಮಾಮಾ ನೀಚೇ” ಎಂದು ನೆಲಕ್ಕೆ ಬೆರಳು ತೋರಿಸಿದ. ಮಾಮ ಕೆಳಗಿದ್ದಾನೆ ಎಂದು. ಅಮ್ಮನಿಗೆ ಅರ್ಥವಾಗಲಿಲ್ಲ, ನನಗಾಯಿತು. ಮೆಟ್ಟಿಲಿಳಿದಾಗಲೆಲ್ಲ ಮಗು ಹೋಗಿ ತಾನಾಗಿ ಕೂರುವುದು ಕೆಳಗಿನ ಆ ಒಂದು ತೊಡೆಯ ಮೇಲೆ, ಅದು ನಿಜ. ಆದರೆ ಸತ್ಬೀರನನ್ನು ಕೇಳಬೇಕೆಂದರೆ ನೀನು ಯಾಕೆ ಬರುವುದಿಲ್ಲ ಎಂದು ಹೇಳಬೇಕು. ಹೇಳಿದರೆ, ನೀನು ಇನ್ನೂ ಬದುಕಿರುವ ಒಂದೇ ಒಂದು ಜಾಗವೂ... ಬೇಡ, ಅದನ್ನು ಪೂರ್ತಿ ಬರೆಯಲಾರೆ.

ಅವನು ಕಾರು ತೊಳೆಯುತ್ತಿದ್ದ. ಗುಂಡನ ಮುಂಡನ್ ಇಟ್ಟುಕೊಂಡಿದ್ದೇವೆ ಎಂದೆ. “ಫಿರ್ ತೋ ಮಾಮಾ ಕೋ ಬುಲಾವೋ” ಎಂದು ಖುಷಿಯಾದ. ಸೋದರಮಾವ ಬರದೆ ಆಗುತ್ತದೆಯೇ, ರಜೆ ಕೊಡದಿದ್ದರೆ ನಾನು ಮಾತಾಡುತ್ತೇನೆ ನಂಬರು ಕೊಡಿ ಎಂದು, ಒದ್ದೆ ಕೈಯನ್ನು ಅಂಗಿಗೆ ಒರೆಸಿಕೊಂಡು ಫೋನು ತೆಗೆದ. ಹಿಂದಿಯಲ್ಲಿ ಏನೇನೋ ಹೊಂದಿಸಿಕೊಂಡು ಹೋಗಿದ್ದೆ. ಎಲ್ಲ ಮರೆತು, ಕನ್ನಡದಲ್ಲೇ “ಶಶಿ ಇಲ್ಲ” ಅಂದೆ. ಅವನಿಗೆ ಅರ್ಥವಾಯಿತು. ನಲ್ಲಿ ನಿಲ್ಲಿಸಿದ. “ಕಬ್?” ಅಂದ, ಹೇಳಿದೆ. ಅಂಡಮಾನಿನ ಮಾತನ್ನೇ ಎತ್ತಲಿಲ್ಲ. “ಬೋಲ್ ಕೇ ಗಯಾ ಥಾ, ಸಂಡೇ ಕೋ ದೇಖ್ ಲೂಂಗಾ. ಮೈಂ ಬೈಠಾ ರಹಾ ಸಂಡೇ ಕೋ.” ಭಾನುವಾರ ಬಂದು ನೋಡಿಕೊಳ್ಳುತ್ತೇನೆ ಎಂದು ನೀನು ಬೆದರಿಸಿ ಹೋಗಿದ್ದೆಯಂತೆ. ಅವನು ಆ ಭಾನುವಾರ ಹೊರಗೆ ಕುರ್ಚಿ ಹಾಕಿಕೊಂಡು ನಿನಗಾಗಿ ಕಾದು ಕೂತಿದ್ದನಂತೆ. ಇಷ್ಟು ಹೇಳಿ, ಅರ್ಧ ತೊಳೆದ ಕಾರನ್ನು ಹಾಗೇ ಬಿಟ್ಟು ಒಳಗೆ ಹೋಗಿ ಬಾಗಿಲು ಹಾಕಿಕೊಂಡ. ನಾನು ಕೇಳಲು ಹೋದದ್ದನ್ನು ಕೇಳಿಯೇ ಇರಲಿಲ್ಲ.

ಆಮೇಲೆ ಅವನು ಕಣ್ಣಿಗೇ ಬೀಳಲಿಲ್ಲ. ಸುಳ್ಳು ಹೇಳಿದೆನೆಂದು ಕೋಪವೋ, ನಿನಗಾಗಿ ದುಃಖವೋ, ಆ ಮೀಸೆಯ ಹಿಂದೆ ಏನಿದೆಯೆಂದು ಯಾರು ಬಲ್ಲರು? ನಿನ್ನ ಭಾವ ತಾವೇ ಕೂರುವುದೆಂದು ಪಂಚೆ ತೆಗೆದಿಟ್ಟುಕೊಂಡರು. ನಿನ್ನೆ ಬೆಳಿಗ್ಗೆ ಕ್ಷೌರಿಕ ಬಂದು ಬಾಲ್ಕನಿಯಲ್ಲಿ ಚಾಪೆ ಹಾಸಿಸಿಕೊಳ್ಳುತ್ತಿದ್ದಾಗ ಬೆಲ್ ಆಯಿತು. ಬಾಗಿಲಲ್ಲಿ ಸತ್ಬೀರ್, ಮಿಂದು, ಇಸ್ತ್ರಿ ಮಾಡಿದ ಬಿಳಿ ಕುರ್ತಾ ಹಾಕಿಕೊಂಡು. ನಿನ್ನ ಭಾವನೇ ಹೋಗಿ ಕರೆದಿದ್ದರಂತೆ, ನನಗೆ ಒಂದು ಮಾತು ಹೇಳಿರಲಿಲ್ಲ. ಅವನು ಒಳಗೆ ಬಂದವನೇ ನನ್ನನ್ನು ಕೇಳಿದ್ದು ಒಂದೇ, “ನಾಮ್ ಕ್ಯಾ ಥಾ ಉಸಕಾ, ಪೂರಾ?” ಇಷ್ಟು ದಿನ ನಿನ್ನ ಪೂರ್ತಿ ಹೆಸರೂ ಗೊತ್ತಿರಲಿಲ್ಲ ಅವನಿಗೆ. ಶಶಿಧರ ಎಂದೆ.

ಗುಂಡನಿಗೆ ಡೈಪರ್ ಹಾಕಿಯೇ ಸತ್ಬೀರನ ತೊಡೆಯ ಮೇಲೆ ಕೂರಿಸಿದೆ. ಅದರ ಅಭ್ಯಾಸ ಬಿಟ್ಟು ತಿಂಗಳುಗಳಾಗಿದ್ದರೂ ನೀನು ಹೇಳಿದ್ದೆಯಲ್ಲ ಎಂದು. ಅವನು ಅಳಲಿಲ್ಲ, ಸತ್ಬೀರನ ಮೀಸೆ ತಿರುವುತ್ತಾ ಕೂತ. ಮೊದಲ ಕತ್ತರಿ ಮಾಮನ ಕೈಯಿಂದ ಆಗಬೇಕು ಭಯ್ಯಾ, ಎಂದೆ. ಅವನು ತುದಿಯ ಒಂದು ಎಳೆ ಹಿಡಿದುಕೊಂಡು, ತನ್ನಷ್ಟಕ್ಕೆ ಎಂಬಂತೆ “ಶಶಿಧರ್ ಕೀ ತರಫ್ ಸೇ” ಎಂದು ಕತ್ತರಿಸಿದ. ಶಶಿಧರನ ಪರವಾಗಿ. ನೀನು ಊದಿದ ಕೂದಲು ನನ್ನ ಸೆರಗಿಗೆ ಬಿತ್ತು. ನಾನು ಅಲ್ಲೇ, ಎಲ್ಲರೆದುರಿಗೇ ಅತ್ತುಬಿಟ್ಟೆ. ದುಃಖಕ್ಕೋ ನೆಮ್ಮದಿಗೋ, ಈಗಲೂ ವಿಂಗಡಿಸಲು ಬರುತ್ತಿಲ್ಲ. ಮುಂದೆ ರಾಖಿ ಬರುತ್ತದೆ. ನಮ್ಮ ಕಡೆ ಇದೆಲ್ಲ ಇಲ್ಲ ಎಂದು ನಗುತ್ತಿದ್ದ ನಿನಗೇ ಒಂದು ದಾರ ಕಟ್ಟದವಳು, ಅವನಿಗೆ ಕಟ್ಟಲಾ? ಕಟ್ಟಿದರೆ ನಿನಗೆ ಬೇಜಾರಾಗುತ್ತದಾ?

ಸಂಜೆ ನಿನ್ನ ಭಾವ ಕೂದಲನ್ನು ಯಮುನೆಗೆ ಬಿಟ್ಟು ಬಂದರು, ನಿನ್ನನ್ನು ಬಿಟ್ಟ ಕಡೆಗೇ. ಗುಂಡ ಕನ್ನಡಿಯ ಮುಂದೆ ಬೋಳುತಲೆ ಸವರಿಕೊಂಡು “ಬಾಲ್ ಕಹಾಂ?” ಎಂದ, ಕೂದಲು ಎಲ್ಲಿ ಎಂದು. “ಮಾಮನ ಹತ್ರ ಹೋಯ್ತು ಕಂದಾ” ಅಂದೆ, ನಿನ್ನನ್ನು ನೆನೆದು. ನಾನು ಒಲೆಯ ಕಡೆ ತಿರುಗಿದ್ದೇ ಸರಿ, ಅಪ್ಪನನ್ನು ಎಳೆದುಕೊಂಡು ಕೆಳಗಿಳಿದು, ಸತ್ಬೀರನ ಬಾಗಿಲು ಬಡಿದು, “ಮಾಮಾ, ಮೇರಾ ಬಾಲ್ ದೋ” ಎಂದು ಜೋರು ಮಾಡಿದನಂತೆ. ಆ ಪುಣ್ಯಾತ್ಮನಿಗೆ ಕೂದಲೆಂದು ಹೊಳೆಯಬೇಕಲ್ಲ? ಮಗು ಆಟದ ಬಾಲು ಕೇಳುತ್ತಿದೆ ಅಂದುಕೊಂಡು ಮಾರ್ಕೆಟ್ಟಿಗೆ ಓಡಿಹೋಗಿ ಕೆಂಪು ಚೆಂಡೊಂದನ್ನು ತಂದುಕೊಟ್ಟಿದ್ದಾನೆ.

ಗುಂಡ ಮೇಲೆ ಬಂದು, ಚೆಂಡನ್ನು ಎರಡೂ ಕೈಯಲ್ಲಿ ನನ್ನ ಮುಖದ ಮುಂದೆ ಎತ್ತಿ ಹಿಡಿದ. ಯಾರೂ ಹೇಳಿಕೊಟ್ಟಿರಲಿಲ್ಲ ಶಶಿ, ಆಣೆ ಮಾಡಿ ಹೇಳುತ್ತೇನೆ. ಅಚ್ಚ ಕನ್ನಡದಲ್ಲಿ, ಹುಟ್ಟಿದ ಮೇಲೆ ಮೊದಲ ಸಲ ಒಂದು ಪೂರ್ತಿ ಮಾತು ಆಡಿದ.

“ಮಾಮ ಕೊಟ್ಟ.”

ಯಾವ ಮಾಮ ಎಂದು ನಾನು ಕೇಳಲಿಲ್ಲ.

ನಿನ್ನ,
ಅಕ್ಕ