ಅಂಗೈಯಲ್ಲಿ ಕರಗದ ಎಣ್ಣೆ

ಹೊನ್ನೇನಹಳ್ಳಿ ಶಾಲೆ, ತಿಪಟೂರು ಸೀಮೆ
ಫೆಬ್ರುವರಿ 30, 2214

ಚಳಿಗಾಲ ಕಂಡ ಹಿರಿಯರೇ,

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇಲ್ಲವೆಂದು ಬಲ್ಲೆ. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿದ ದಿನಗಳನ್ನು ಯಾವ ತಿಂಗಳಿಗೂ ಸೇರಿಸದೆ ಬೇಸಿಗೆ ರಜೆಗೆ ಬಿಟ್ಟಿದ್ದಾರೆ. ನನ್ನ ಕನ್ನಡವೂ ನಿಮಗೆ ವಿಚಿತ್ರವಾಗಿ ಕಾಣಬಹುದು. ನಿಮ್ಮ ಕಾಲದ ದಿನಪತ್ರಿಕೆಗಳ ಕಟ್ಟುಗಳನ್ನು ಓದಿ ಕಲಿತ ಭಾಷೆ ಇದು. ತಪ್ಪಿದ್ದರೆ ಮನ್ನಿಸಿ. ಮನ್ನಿಸಬೇಕಾದ ಬೇರೆ ವಿಷಯವೂ ಇದೆ, ಅದಕ್ಕಾಗಿಯೇ ಬರೆಯುತ್ತಿದ್ದೇನೆ.

ನನ್ನ ಹೆಸರು ಮರುಳಯ್ಯ. ನಾಲ್ಕನೆಯ ತರಗತಿಯ ಮೇಷ್ಟ್ರು. ನಮ್ಮ ಪಾಠ ನಡೆಯುವುದು ನೆಲಕೋಣೆಯಲ್ಲಿ, ಅಂದರೆ ನೆಲದಡಿ ಹನ್ನೆರಡು ಮೆಟ್ಟಿಲು ಇಳಿದು ಹೋಗುವ ಕೋಣೆಯಲ್ಲಿ. ಬೆಳಿಗ್ಗೆ ಐದಕ್ಕೆ ಗಂಟೆ ಹೊಡೆದರೆ ಒಂಬತ್ತಕ್ಕೆ ಮಕ್ಕಳು ಮನೆ ಸೇರಿರಬೇಕು; ಆಮೇಲೆ ಅಂಗಳದ ಕಾದ ಮಣ್ಣಿನ ಮೇಲೆ ಬರಿಗಾಲಿಡಲಾಗದು. ಮಂಜುಗಡ್ಡೆ ನಮ್ಮ ಮಕ್ಕಳಿಗೆ ಗೊತ್ತು, ಆದರೆ ಅದು ಯಂತ್ರದ ಕೆಲಸವೆಂದೇ ಅವರ ತಿಳಿವಳಿಕೆ. ವಸ್ತು ತಾನಾಗಿ ರೂಪ ಬದಲಿಸುವುದನ್ನು ತೋರಿಸಲು ನಮಗೆ ಉಳಿದಿದ್ದ ದಾರಿ ಒಂದೇ, ಹೆಪ್ಪುದಿನ. ಡಿಸೆಂಬರಿನ ಒಂದು ಸಂಜೆ ಕೊಬ್ಬರಿ ಎಣ್ಣೆಯ ಬಾಟಲಿಯನ್ನು ಶಾಲೆಯ ಮೇಲಿನ ಕಿಟಕಿಯಲ್ಲಿ ಇಡುತ್ತೇವೆ. ಬೆಳಿಗ್ಗೆ ಅದು ಬೆಳ್ಳಗೆ ಗಟ್ಟಿಯಾಗಿದ್ದರೆ ಅಂದೇ ಘನ, ದ್ರವ, ಅನಿಲಗಳ ಪಾಠ. ಪ್ರತಿ ಮಗುವಿನ ಅಂಗೈಗೆ ಬೆರಳತುದಿಯಷ್ಟು ಎಣ್ಣೆ ಹಾಕುತ್ತೇವೆ. ಅದು ಕರಗಿದರೆ ಘನ ದ್ರವವಾಯಿತು. ಅದರ ವಾಸನೆ ಕೊನೆಯ ಬೆಂಚಿಗೆ ತಲುಪಿದರೆ ಅನಿಲದ ಪಾಠವೂ ಮುಗಿಯಿತು.

ಒಂಬತ್ತು ವರ್ಷಗಳಿಂದ ಎಣ್ಣೆ ಹೆಪ್ಪುಗಟ್ಟಿರಲಿಲ್ಲ. ಹತ್ತು ವರ್ಷ ಸತತವಾಗಿ ಕಾಣದ ಸಂಗತಿಯನ್ನು ಪಠ್ಯದಿಂದ ತೆಗೆಯಬೇಕೆಂಬುದು ನಮ್ಮ ನಿಯಮ. ‘ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತದೆ’ ಎಂಬ ಸಾಲು ಹೋದರೆ, ಚಳಿ ಎಂಬ ಪದ ನಾಲ್ಕನೆಯ ತರಗತಿಯ ಪುಸ್ತಕದಲ್ಲಿ ಎಲ್ಲಿಯೂ ಉಳಿಯುವುದಿಲ್ಲ. ಕಳೆದ ಡಿಸೆಂಬರಿನ ಅತಿ ತಂಪಾದ ಮುಂಜಾವದ ಉಷ್ಣತೆ ಇಪ್ಪತ್ತಾರು ಡಿಗ್ರಿ. ಎಣ್ಣೆಗೆ ಇಪ್ಪತ್ತನಾಲ್ಕಕ್ಕಿಂತ ಕಡಿಮೆ ಬೇಕು. ಹೆಪ್ಪುದಿನದ ಹಿಂದಿನ ಸಂಜೆ ನಾನು ಎಣ್ಣೆಯನ್ನು ಬಿಸಿ ಮಾಡಿ, ಅದರಲ್ಲಿ ಮೇಣದಬತ್ತಿಯ ಮೇಣ ಕರಗಿಸಿ, ಬಾಟಲಿಗೆ ತುಂಬಿ ಕಿಟಕಿಯಲ್ಲಿಟ್ಟೆ.

ಬೆಳಿಗ್ಗೆ ಬಾಟಲಿ ಬೆಳ್ಳಗಿತ್ತು. ಮಕ್ಕಳು ಕುಣಿದಾಡಿದರು. ಎಲ್ಲರೂ ಅಂಗೈ ಚಾಚಿದರು, ತಿಕ್ಕಿದರು, “ಕರಗ್ತು, ಕರಗ್ತು” ಎಂದು ಕೂಗಿದರು. ಜುಂಜಮ್ಮ ಎಂಬ ಒಂಬತ್ತು ವರ್ಷದ ಹುಡುಗಿ ಮಾತ್ರ ಕೈಯನ್ನೇ ನೋಡುತ್ತ ನಿಂತಿದ್ದಳು.

“ಮೇಷ್ಟ್ರೇ, ಇದು ಕರಗ್ತಾನೇ ಇಲ್ಲ. ಅಂಟ್ಕೊಂಡು ಕೂತೈತೆ.”

“ನಿಂದು ಕಪ್ಪೆ ಕೈ ಕಣೇ! ಅದ್ಕೇ ಬಿಸೀನೇ ಇಲ್ಲ,” ಎಂದ ಪಕ್ಕದ ಓಂಕಾರಿ. ತರಗತಿ ನಕ್ಕಿತು.

“ನಿನ್ ಕೈ ತೋರ್ಸು ಮತ್ತೆ,” ಎಂದಳು ಅವಳು. ಅವನು ಕೈಯನ್ನು ಚಡ್ಡಿಗೆ ಒರೆಸಿಕೊಂಡ.

ಆಗಲಾದರೂ ನಾನು ನಿಜ ಹೇಳಬಹುದಿತ್ತು. ಹೇಳಲಿಲ್ಲ. “ಮೂವತ್ತು ಜನಕ್ಕೆ ಕರಗಿದ್ದು ನಿಂಗೊಬ್ಳಿಗೆ ಯಾಕಮ್ಮ ಕರಗಲ್ಲ? ಸರಿಯಾಗಿ ನೋಡು,” ಎಂದೆ. ಅವಳು ನೋಡಿದಳು. ಮೊದಲು ಕೈಯನ್ನು, ಆಮೇಲೆ ನನ್ನ ಮುಖವನ್ನು. ನಂತರ ಮೆಲ್ಲಗೆ, “ಕರಗ್ತು, ಮೇಷ್ಟ್ರೇ,” ಎಂದಳು. ನಾನು ಹೆಪ್ಪುದಿನದ ವರದಿಯಲ್ಲಿ ಹಾಗೆಯೇ ಬರೆದೆ: ಮೂವತ್ತೊಂದು ಮಕ್ಕಳು, ಎಲ್ಲರಿಗೂ ಕರಗಿತು.

ಸಾಲು ಉಳಿಯಿತು. ಬೇರೆ ಊರುಗಳ ಮೇಷ್ಟ್ರುಗಳಿಂದ ಅಭಿನಂದನೆಗಳು ಬಂದವು. ಒಂದು ಶಾಲೆಯವರು ನಮ್ಮ ಬಾಟಲಿಯನ್ನು ನೋಡಲು ಬರುವುದಾಗಿ ಬರೆದರು. ನಾನು ಬಾಟಲಿ ಒಡೆಯಿತೆಂದು ಉತ್ತರಿಸಿದೆ. ಅದು ಎರಡನೆಯ ಸುಳ್ಳು.

ನಿನ್ನೆ ಪರೀಕ್ಷೆಯ ಉತ್ತರಗಳನ್ನು ತಿದ್ದುತ್ತಿದ್ದೆ. ಜುಂಜಮ್ಮನ ಅಕ್ಷರ ದುಂಡಗಿದೆ, ಬರೆದದ್ದರಲ್ಲಿ ಕುಚೋದ್ಯವಿಲ್ಲ. ಕಲಿಸಿದ್ದನ್ನು ಶ್ರದ್ಧೆಯಿಂದ ಬರೆದಿದ್ದಾಳೆ: ‘ಘನವಸ್ತುಗಳಲ್ಲಿ ಎರಡು ವಿಧ. ಕೆಲವು ಬಿಸಿಗೆ ಕರಗುತ್ತವೆ. ಕೆಲವು ಮೇಷ್ಟ್ರು ಹೇಳಿದರೆ ಕರಗುತ್ತವೆ.’

ಕೆಂಪು ಪೆನ್ನನ್ನು ಮುಚ್ಚಿಟ್ಟೆ. ಆ ಉತ್ತರದಲ್ಲಿ ತಿದ್ದಬೇಕಾದದ್ದು ಅವಳ ತಪ್ಪನ್ನಲ್ಲ, ನನ್ನದನ್ನು. ಚಳಿ ಹೋಗಿದ್ದಕ್ಕೆ ನಿಮ್ಮನ್ನು ದೂರಿ ಬರೆಯಬೇಕೆಂದು ಎಷ್ಟೋ ಸಲ ಅಂದುಕೊಂಡಿದ್ದೆ. ಈಗ ಆ ಬಾಯಿ ನನಗಿಲ್ಲ. ನೀವು ಕಳೆದದ್ದು ಚಳಿಯನ್ನು. ನಾನು ಕಳೆದದ್ದು ತನ್ನ ಅಂಗೈಯನ್ನು ತಾನು ನಂಬುತ್ತಿದ್ದ ಒಂದು ಮಗುವನ್ನು.

ನಾಳೆ ಉಳಿದ ಮೇಣವನ್ನು ತರಗತಿಗೆ ಒಯ್ಯುತ್ತೇನೆ. ಜುಂಜಮ್ಮನ ಕೈಗೆ ಅದನ್ನು ಕೊಟ್ಟು, ಎಲ್ಲರೆದುರು ನಡೆದದ್ದನ್ನು ಹೇಳುತ್ತೇನೆ. ವರದಿಯನ್ನು ಹೊಡೆದುಹಾಕಿ ‘ಹೆಪ್ಪುಗಟ್ಟಲಿಲ್ಲ’ ಎಂದು ಬರೆಯುತ್ತೇನೆ. ಸಾಲು ಹೋಗುತ್ತದೆ, ಹೋಗಲಿ. ಅವಳು ಇನ್ನು ನನ್ನ ಮಾತನ್ನು ನಂಬುವಳೋ ಇಲ್ಲವೋ ತಿಳಿಯದು. ನಂಬದಿದ್ದರೂ ಸರಿಯೇ.

ನಿಮ್ಮಲ್ಲಿ ಒಂದು ಕೋರಿಕೆ. ಎಣ್ಣೆ ಗಟ್ಟಿಯಾದ ಬೆಳಿಗ್ಗೆ ನೀವು ಬೈದುಕೊಂಡು ಬಾಟಲಿಯನ್ನು ಬಿಸಿಲಿಗಿಡುತ್ತೀರೆಂದು ಓದಿದ್ದೇನೆ. ಇಡುವ ಮೊದಲು ಕಡ್ಡಿಯಿಂದ ಚೂರು ತೆಗೆದು ಮನೆಯ ಮಗುವಿನ ಅಂಗೈಗೆ ಹಾಕಿ. ಏನಾಯಿತೆಂದು ಮಗುವೇ ಹೇಳಲಿ. ಅಲ್ಲಿಯವರೆಗೆ ನೀವು ಬಾಯಿ ತೆರೆಯಬೇಡಿ.

ಮರುಳಯ್ಯ