ತಮ್ಮನ ಹೆಸರಿನ ಚೀಟಿ

ಪ್ರೀತಿಯ ತಮ್ಮಾ,

ಅಲ್ಲಿ ನೀನು, ಅಪ್ಪ, ಅಮ್ಮ ಹೇಗಿದ್ದೀರಿ? ಅಮ್ಮನ ಮಂಡಿನೋವು ಈಗಲಾದರೂ ಬಿಟ್ಟಿತೇ?

ಬಿಡಿಭಾಗ ಜೋಡಿಸಿ ಮಾಡುವ ಪುಟ್ಟ ವಿಮಾನಗಳ ಹಳೇ ಕಿಟ್‌ಗಳಲ್ಲಿ ಯಾವುದನ್ನು ಕಂಪನಿ ಮತ್ತೆ ತರುತ್ತದೆಂದು ಪ್ರತಿವರ್ಷ ಊಹಿಸಿ ನಾವೆಲ್ಲ ಚೀಟಿ ಹಾಕುವ ಡಬ್ಬಿಯನ್ನು ಇವತ್ತು ಅಂಗಡಿಯಲ್ಲಿ ತೆರೆದರು. ಈ ಸಲ ಬರುವುದು ನೀರಿನ ಮೇಲೆ ಇಳಿಯುವ ನಿನ್ನ ವಿಮಾನ. ಇಪ್ಪತ್ತು ವರ್ಷ ನೀನು ಅದನ್ನೇ ಬರೆದೆ, ನಾನು ನಕ್ಕೆ.

"ಅಕ್ಕಾ, ಕೊನೆಗೂ ನಿಮ್ ತಮ್ಮ ಗೆದ್ಬಿಟ್ರಲ್ಲ, ಚೀಟಿ ಎಲ್ಲಿ?" ಎಂದು ಅಂಗಡಿಯವನು ಡಬ್ಬಿಯನ್ನು ಬೋರಲು ಹಾಕಿ ಹುಡುಕಿದ.

ನೀನೂ ಕಣ್ಣು ಮುಚ್ಚಿದ ಮೇಲೆ ಮೂರು ವರ್ಷ ನಿನ್ನ ಹೆಸರಲ್ಲಿ ನಾನೇ ಅದನ್ನು ಬರೆದು ಹಾಕಿದ್ದೆ. ಈ ವರ್ಷ ಸಾಕೆನಿಸಿ ಬಿಟ್ಟಿದ್ದೆ.

"ಮರ್ತಿರ್ಬೇಕು ಅವ್ನು," ಎಂದೆ. ಯಾರೂ ನಗಲಿಲ್ಲ.

ಮುಂದಿನ ವರ್ಷ ತಪ್ಪದೆ ಹಾಕುತ್ತೇನೆ. ಆದರೆ ನಿನಗೆ ಇನ್ಯಾವ ವಿಮಾನ ಇಷ್ಟವೆಂದು ನಾನು ಕೇಳಿರಲೇ ಇಲ್ಲ. ಬೇಗ ಬರೆದು ತಿಳಿಸು.

ನಿನ್ನ ಅಕ್ಕ