ರಿಜಿಸ್ಟರಿಗೆ ಹತ್ತದ ಕಾಗದ

ಮುಐದರ್, ಕತಾರ್
ಶುಕ್ರವಾರ, 9 ಜೂನ್ 2006

ನನ್ನ ಮಗಳು ತಾನ್ಯಾಳಿಗೆ,

ಪಕ್ಕದ ರೂಮಿನ ಮಾರಿಸ್ ರಜೆಗೆ ಊರಿಗೆ ಹೊರಟಿದ್ದಾನೆ. ನಿನ್ನ ಹಾಸ್ಟೆಲ್ಲಿಗೆ ಬಂದು ಎರಡು ಲಕೋಟೆ ಕೊಡುತ್ತಾನೆ. ಮೊದಲು ಇದನ್ನು ಒಡೆದಿದ್ದರೆ ಕೆಳಗಿಡು. ಇನ್ನೊಂದರಲ್ಲಿರುವ ಫಾರಂಗೆ ಸಹಿ ಹಾಕಿ, ಫ್ಯಾಕ್ಸ್ ಮಾಡಿ ಬಾ. ಜೂನ್ ಹದಿನೈದು ಕೊನೆಯ ದಿನ. ನನ್ನ ಕಾಗದವನ್ನು ಆಮೇಲೆ ಓದಿದರಾಯಿತು.

ಮಾಡಿದೆಯಾ? ಹೌದು ಮಗಾ, ಸ್ಕಾಲರ್‌ಶಿಪ್ ನಿನಗೆ ಸಿಕ್ಕಿದೆ. ಅಣುವಿಜ್ಞಾನದಲ್ಲಿ ಮುಂದೆ ಓದುವ ಹೆಣ್ಣುಮಕ್ಕಳಿಗೆಂದೇ ಇಟ್ಟದ್ದು, ನೀನು ಎರಡು ವರ್ಷದಿಂದ ಕನವರಿಸುತ್ತಿದ್ದದ್ದು. ಸ್ವೀಡನ್ನಿನಲ್ಲಿ ಎರಡು ವರ್ಷದ ಓದು, ಊಟ, ವಸತಿ ಎಲ್ಲ ಅವರದೇ. ಎಲ್ಲ ದೇಶಗಳಿಂದ ಸೇರಿ ಒಂಬತ್ತು ಮಂದಿಯನ್ನು ಆರಿಸಿದ್ದಾರೆ, ಪಟ್ಟಿಯಲ್ಲಿ ನಿನ್ನ ಹೆಸರು ನಾಲ್ಕನೆಯದು. ಅವರ ಕಾಗದ ನನ್ನ ಕೈಸೇರಿ ಇವತ್ತಿಗೆ ಹನ್ನೆರಡು ದಿನವಾಯಿತು.

ನಾನು ಫೋನ್ ಮಾಡಿದಾಗಲೆಲ್ಲ ನೀನು "ಪಪ್ಪಾ, ಬಾಕ್ಸಿಗೆ ಎಂಥಾದ್ರೂ ಬಂತಾ?" ಅಂತ ಕೇಳಿದೆ. "ಎಂಥದ್ದೂ ಇಲ್ಲ ಮಗಾ" ಅಂತ ನಾನು ಹೇಳಿದೆ. ಒಂದಲ್ಲ, ಐದು ಸಲ ಹೇಳಿದೆ.

ನಿನ್ನದೂ ಸ್ವಲ್ಪ ತಪ್ಪುಂಟು. ಶಾಶ್ವತ ವಿಳಾಸ ಎಂದು ಕೇಳಿದ ಕಡೆಯೆಲ್ಲ ನಮ್ಮ ಕಂಪನಿಯ ಪೋಸ್ಟ್ ಬಾಕ್ಸ್ ನಂಬರ್ ಬರೆದು ಬಿಡುತ್ತೀ. ಇಲ್ಲಿ ಮನೆಮನೆಗೆ ಪೋಸ್ಟ್‌ಮ್ಯಾನ್ ಬರುವುದಿಲ್ಲವಲ್ಲ. ನೀನು ಹುಟ್ಟಿದ ಮೇಲೆ ನಾಲ್ಕು ಮನೆ ಬದಲಿಸಿದೆವು, ಬಾಕ್ಸ್ ಒಂದೇ ಉಳಿಯಿತು. ಅದರ ಕೀಲಿಕೈ ಇಪ್ಪತ್ತೆರಡು ವರ್ಷದಿಂದ ನನ್ನ ಜೇಬಿನಲ್ಲಿದೆ. ದಿನಾ ಬೆಳಿಗ್ಗೆ ಕಾಗದ ತರುವುದು, ರಿಜಿಸ್ಟರಿನಲ್ಲಿ ಬರೆಯುವುದು, ಹಂಚುವುದು. ಕ್ಯಾಂಪಿನಲ್ಲಿರುವ ಕೆಲಸದವರ ಕಾಗದವನ್ನು ಒಂದು ದಿನವೂ ನನ್ನ ಬಳಿ ಇಟ್ಟುಕೊಂಡವನಲ್ಲ. ಕಾಗದಕ್ಕೆ ಕಾಯುವವರ ಮುಖ ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು? ಅಂಥವನು ಮಗಳ ಕಾಗದವನ್ನು ರಿಜಿಸ್ಟರಿಗೆ ಹತ್ತಿಸದೆ ಅಂಗಿಯೊಳಗೆ ಹಾಕಿಕೊಂಡೆ. ಡ್ರೈವರ್ ಪೊಡಿಯಬ್ಬ ನೋಡಿ, "ಎಂಥದು ಮಾರಾಯ್ರೆ, ಮಗಳದ್ದಾ?" ಅಂದ. ಬ್ಯಾಂಕಿನದ್ದು ಅಂದುಬಿಟ್ಟೆ.

ಅಣುವಿಗೆ ಹೆದರಿ ಬಚ್ಚಿಟ್ಟೆ ಎಂದು ಹೇಳಿದ್ದರೆ ನೀನು ನಂಬುತ್ತಿದ್ದೆ. ಅಣು ಎಂದರೆ ಬಾಂಬು, ಹೆಣ್ಣುಮಕ್ಕಳಿಗೆ ಯಾಕೆ ಆ ಉಸಾಬರಿ ಎಂದು ಹಿಂದೆ ನಾನೇ ಕೂಗಾಡಿದ್ದೆನಲ್ಲ. ನೀನು ಉಳ್ಳಾಲದ ಮರಳನ್ನು ಡಬ್ಬಿಯಲ್ಲಿ ತಂದು, ಇದರಲ್ಲೂ ವಿಕಿರಣ ಉಂಟು ಪಪ್ಪಾ, ನಾವು ಇದರ ಮೇಲೆಯೇ ಕೂತು ಕಡಲೆ ತಿಂದದ್ದು ಅಂತ ನಕ್ಕಿದ್ದೆ. ಆ ಹೆದರಿಕೆ ಅವತ್ತೇ ಹೋಯಿತು. ಈಗ ಹೆದರಿದ್ದು ಬೇರೆಯದಕ್ಕೆ.

ನಿನ್ನ ಅಮ್ಮ ಮರೀನಾ ತೀರಿಹೋದ ಮೇಲೆ ನಾನು ಈ ವಿಲ್ಲಾದ ಒಂದು ರೂಮಿಗೆ ಬಂದೆನಲ್ಲ, ಇಲ್ಲಿ ಏಳು ಮಂದಿ ಇದ್ದೇವೆ. ಏಳೂ ಜನ ಅವರವರ ಪಾತ್ರೆಯಲ್ಲಿ ಅವರವರ ಅನ್ನ ಮಾಡಿಕೊಳ್ಳುತ್ತೇವೆ. ಶುಕ್ರವಾರ ಪಾದ್ರಿಗಳ ಪೂಜೆ ಮುಗಿಸಿ ಬಂದರೆ ಮರುದಿನ ಸಂಜೆಯವರೆಗೆ ನಾನು ಮಾತನಾಡಬೇಕಾದ ಸಂದರ್ಭವೇ ಬರುವುದಿಲ್ಲ. ಮರೀನಾ ಇದ್ದಾಗ ಎಷ್ಟು ಮಾತನಾಡುತ್ತಾಳಪ್ಪಾ ಎಂದು ಗೊಣಗುತ್ತಿದ್ದವನು ನಾನು. ಅದಕ್ಕೇ ಅಲ್ ಗರಾಫಾದಲ್ಲಿ ಎರಡು ರೂಮಿನ ಮನೆ ನೋಡಿದ್ದೆ, ಇಲ್ಲಿನ ಒಂದು ಶಾಲೆಯಲ್ಲಿ ನಿನಗೆ ಟೀಚರ್ ಕೆಲಸಕ್ಕೆ ಮಾತಾಡಿದ್ದೆ. ಸ್ವೀಡನ್ ತಪ್ಪಿದರೆ ನೀನು ಬರುತ್ತೀ ಎಂದು ನನಗೆ ಗೊತ್ತಿತ್ತು.

ನಿನ್ನೆ ನೀನೇ ಫೋನ್ ಮಾಡಿದೆ. "ಖಲಾಸ್ ಪಪ್ಪಾ, ಅವ್ರು ಬೇರೆಯವ್ರನ್ನು ತೆಗೊಂಡಿರ್ಬೇಕು. ನಾನು ಅಲ್ಲಿಗೇ ಬರ್ತೇನೆ, ಸ್ಕೂಲಿನವ್ರಿಗೆ ಹೂಂ ಅಂತ ಹೇಳಿ. ನಿಮ್ಗೂ ಒಬ್ರಿಗೇ ಬೇಜಾರಲ್ವಾ?" ನಾನು ಕಾದು ಕೂತದ್ದು ಇದೇ ಮಾತಿಗೆ. ನೀನು ಅತ್ತಿದ್ದರೆ ನಾಲ್ಕು ಸಮಾಧಾನದ ಮಾತು ಹೇಳಿ, ಸುಳ್ಳನ್ನು ಹಾಗೇ ಮುಂದುವರಿಸುತ್ತಿದ್ದೆನೋ ಏನೋ. ನೀನು ಅಳಲಿಲ್ಲ, ನನ್ನನ್ನೇ ಸಮಾಧಾನ ಮಾಡಿದೆ. ಫೋನ್ ಇಟ್ಟ ಮೇಲೆ ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ಫೋನಿನಲ್ಲಿ ಇದನ್ನು ಹೇಳಲು ನನಗೆ ಬಾಯಿ ಬರಲಿಲ್ಲ. ಇಂಗ್ಲಿಷಿನಲ್ಲಿ ಬರೆದಿದ್ದರೆ ನಿನಗೆ ಸುಲಭವಾಗುತ್ತಿತ್ತು. ಆದರೆ ನನ್ನದು ಆಫೀಸಿನ ಇಂಗ್ಲಿಷು, ಅದರಲ್ಲಿ ಕ್ಷಮೆ ಕೇಳಿದರೆ ಸಿಮೆಂಟು ತಡವಾದದ್ದಕ್ಕೆ ಕೇಳಿದ ಹಾಗಿರುತ್ತದೆ. ಕನ್ನಡವನ್ನು ನೀನು ಅಕ್ಷರ ಕೂಡಿಸಿ ಓದುತ್ತೀ. ಸಿಟ್ಟು ಬರುವುದೂ ಅಷ್ಟೇ ನಿಧಾನವಾದೀತು ಎಂಬ ಆಸೆಯೂ ಒಂದುಂಟು.

ಮಾರಿಸ್ ಹೊರಗೆ ಹಾರ್ನ್ ಹೊಡೆಯುತ್ತಿದ್ದಾನೆ. ಬೈಯಬೇಕಿದ್ದರೆ ಬೈ, ಸ್ವಲ್ಪ ದಿನ ಮಾತು ಬಿಡಬೇಕಿದ್ದರೆ ಬಿಡು, ನಾನು ತಾಳಿಕೊಳ್ಳುತ್ತೇನೆ. ಬೇಜಾರಲ್ವಾ ಎಂದು ನಿನ್ನೆ ಕೇಳಿದೆಯಲ್ಲ? ಬೇಜಾರು ಉಂಟು, ತುಂಬ ಉಂಟು. ಆದರೂ ಇಲ್ಲಿಗೆ ಬರಬೇಡ ಮಗಾ.

ಆ ಚಳಿಯ ದೇಶದಲ್ಲಿ ದೇವರು ನಿನ್ನನ್ನು ಬೆಚ್ಚಗಿಡಲಿ.

ನಿನ್ನ ಪಪ್ಪ,
ಥಿಯೋಡೋರ್